ಹದಿನಾರು ಹತ್ತರ ವಿಮಾನ

ನಮ್ಮಕ್ಕನಿಗೆ 78 ವರ್ಷ. ಸಾಗರದ ಹತ್ತಿರ ಹಳ್ಳಿಯಲ್ಲಿರುತ್ತಾಳೆ. ಹೋದ ಮೇ ತಿಂಗಳಲ್ಲಿ ಮೊದಲ ಸಲ ವಿಮಾನ ಹತ್ತಿ ದೆಹಲಿಗೆ ಹೋದಳು. ಅಲ್ಲಿರುವ ಅವಳ ಮಗಳಿಗೆ ಪಿತ್ತಕೋಶದ ಕಲ್ಲು ತೆಗೆಯುವ ಆಪರೇಷನ್ ಗೊತ್ತಾಗಿತ್ತು. ದೊಡ್ಡದೇನಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ತಾಯಿಗೆ ಚಿಕ್ಕ ಆಪರೇಷನ್ ಅಂತ ಒಂದಿದೆಯೇ? ಮಗಳನ್ನು ಒಳಗೆ ಕರೆದುಕೊಂಡು ಹೋಗುವ ಮೊದಲು ನಾನು ಅಲ್ಲಿರಬೇಕು ಎಂದು ಹಟ ಹಿಡಿದಳು. ಬುಧವಾರ ಸಂಜೆ ವಿಮಾನ, ಗುರುವಾರ ಬೆಳಿಗ್ಗೆ ಆಪರೇಷನ್. ನಡುವೆ ಒಂದು ರಾತ್ರಿ ಮಾತ್ರ.

ಶಿವಮೊಗ್ಗದಲ್ಲೇ ವಿಮಾನ ನಿಲ್ದಾಣ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, 2023ರಲ್ಲಿ ಆಯಿತು. ಆದರೆ ಅಕ್ಕನಿಗೆ ಮಲ್ಲೇಶ್ವರದ ನಮ್ಮ ಮನೆಯಲ್ಲಿ ಎರಡು ದಿನ ಇರಬೇಕಿತ್ತು, ಕಾಡು ಮಲ್ಲೇಶ್ವರನ ದರ್ಶನ ಮಾಡಬೇಕಿತ್ತು, ನನ್ನ ಹೆಂಡತಿಯ ಹತ್ತಿರ ಮಾತಾಡಬೇಕಿತ್ತು. ಹಾಗಾಗಿ ತಾಳಗುಪ್ಪದ ರಾತ್ರಿ ರೈಲು ಹತ್ತಿ ಬಂದಳು. ಇಲ್ಲಿಂದ ಅವಳನ್ನು ವಿಮಾನ ಹತ್ತಿಸುವ ಜವಾಬ್ದಾರಿ ನನ್ನದು.

ಪುಣೆಯಲ್ಲಿರುವ ನನ್ನ ಮಗ ಫೋನಿನಲ್ಲಿ ಹೇಳಿದ: "ಅಪ್ಪ, ಟ್ಯಾಕ್ಸಿ ನಾನು ಇಲ್ಲಿಂದಲೇ ಬುಕ್ ಮಾಡ್ತೀನಿ. ಈ ವಯಸ್ಸಲ್ಲಿ ನೀವು ಬಸ್ಸು ಗಿಸ್ಸು ಅಂತ ಹೊರಡಬೇಡಿ."

ಈ ವಯಸ್ಸಲ್ಲಿ ಎಂಬ ಮಾತು ನನಗೆ ಹಿಡಿಸಲಿಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ದಿನದಿಂದ ನಿವೃತ್ತಿಯಾಗುವ ತನಕ ನಾನು ಬಸ್ಸಿನಲ್ಲೇ ಓಡಾಡಿದವನು. ಆಗ ಅದು ಬಿ.ಟಿ.ಎಸ್., ಕೆಂಪು ಬಸ್ಸು. 1997ರಲ್ಲಿ ಬಿಎಂಟಿಸಿ ಆಯಿತು. ಹೆಸರು ಬದಲಾಯಿತು, ಬಣ್ಣ ಬದಲಾಯಿತು, ನಾನು ನೇತಾಡುವ ಕಂಬಿ ಮಾತ್ರ ಅದೇ. ಆದರೆ ಮಗ ಹೇಳಿದ್ದರಲ್ಲಿ ಒಂದು ನಿಜವಿತ್ತು. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ನಾನು ಯಾವತ್ತೂ ಬಸ್ಸಿನಲ್ಲಿ ಹೋಗಿರಲಿಲ್ಲ. 2008ರ ಮೇ ತನಕ ನಮ್ಮ ವಿಮಾನಗಳೆಲ್ಲ ಊರೊಳಗಿನ ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದವು. ಅದಾದ ಮೇಲೆ ಮೂವತ್ತು ಕಿಲೋಮೀಟರಿಗೂ ಆಚೆ ಹೋಯಿತು. ನಾನು ಹೋಗಿದ್ದೆಲ್ಲ ಮಗನ ಕಾರಿನ ಹಿಂದಿನ ಸೀಟಿನಲ್ಲಿ, ಅರ್ಧ ನಿದ್ದೆಯಲ್ಲಿ.

ಹಾಗಾಗಿ ಅಕ್ಕ ಬರುವ ಮೊದಲ ವಾರವೇ ಒಂದು ರಿಹರ್ಸಲ್ ಮಾಡೋಣ ಅನ್ನಿಸಿತು. ರಜೆಗೆ ಹುಬ್ಬಳ್ಳಿಯಿಂದ ಮಗಳ ಮಗ ಬಂದಿದ್ದ. ಏಳನೇ ಕ್ಲಾಸು ಮುಗಿಸಿದವನು. "ಏನೂ ಕೆಲಸ ಇಲ್ಲದೆ ಏರ್‌ಪೋರ್ಟಿಗೆ ಹೋಗಿ ಬರೋಣ, ಬರ್ತೀಯಾ?" ಅಂದೆ. ಹುಡುಗ ಆಗಲೇ ಚಪ್ಪಲಿ ಮೆಟ್ಟಿದ್ದ. ನನ್ನ ಹೆಂಡತಿ ಮಾತ್ರ, "ನಿಮಗೆ ಹೊತ್ತು ಹೋಗಲ್ವಾ? ಹೂವಿನ ಅಂಗಡಿಗೆ ಹೋಗಿ ಬನ್ನಿ" ಅಂದಳು.

ಬೆಳಿಗ್ಗೆ ಎಂಟಕ್ಕೆ ಹೊರಟೆವು. ಮಲ್ಲೇಶ್ವರದಿಂದ ವಿಮಾನ ನಿಲ್ದಾಣ ಇರುವುದು ಉತ್ತರಕ್ಕೆ. ನಾವು ಹೋಗಿದ್ದು ದಕ್ಷಿಣಕ್ಕೆ. ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣದಿಂದ ಮೆಜೆಸ್ಟಿಕ್ ಒಂದೇ ನಿಲ್ದಾಣ. ಮೇಲಿನ ಹಳಿಯಿಂದ ರೈಲು ನೆಲದೊಳಕ್ಕೆ ಇಳಿಯುವಾಗ ಮೊಮ್ಮಗ ಕಿಟಕಿಗೆ ಮೂಗು ಒತ್ತಿ ನಿಂತ. "ಅಜ್ಜಾ, ನಾವು ಹಿಂದಕ್ ಹೊಂಟೇವಲ್ಲ?" ಅಂದ. ಹೌದು, ಬೇಕೆಂದೇ ಹಿಂದಕ್ಕೆ. ಕೆಂಪೇಗೌಡ ಬಸ್ ನಿಲ್ದಾಣದಿಂದ ಹೊರಡುವ ವಾಯುವಜ್ರ ಬಸ್ಸಿಗೆ ಕೆಐಎ–9 ಎಂದು ನಂಬರು. ಹೊರಡುವ ಜಾಗದಲ್ಲೇ ಹತ್ತಿದರೆ ಕೂರಲು ಸೀಟು, ಸೂಟ್‌ಕೇಸಿಡಲು ಜಾಗ, ಎರಡೂ ಸಿಗುತ್ತವೆ. ನಡುದಾರಿಯಲ್ಲಿ ಹತ್ತಿದರೆ ದೇವರ ಇಚ್ಛೆ. ಮಂಡಿ ನೋವಿನವರಿಗೆ ಹದಿನೈದು ನಿಮಿಷ ಹಿಂದಕ್ಕೆ ಹೋಗುವುದು ನಷ್ಟವೇನಲ್ಲ. ಇನ್ನೊಂದು ವಿಷಯ. ನಾವು ನಿಂತ ಆ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ನೀರಿದ್ದ ಕಡೆ ಈಗ ಬಸ್ಸು ಎಂದು ಹೇಳಿದರೆ ಮೊಮ್ಮಗ ಕಾಲಕೆಳಗೆ ನೋಡಿಕೊಂಡ.

ಟಿಕೆಟಿನ ವಿಷಯ ಹೇಳಿಬಿಡುತ್ತೇನೆ. ವಾಯುವಜ್ರ ಹವಾನಿಯಂತ್ರಿತ ಬಸ್ಸು. ಮಹಿಳೆಯರ ಶಕ್ತಿ ಯೋಜನೆ ಇದಕ್ಕೆ ಇಲ್ಲ. ನನ್ನ ಹೆಂಡತಿ ಆಧಾರ್ ಕಾರ್ಡ್ ಹಿಡಿದು ಊರೆಲ್ಲ ಉಚಿತವಾಗಿ ಸುತ್ತುತ್ತಾಳೆ, ಇಲ್ಲಿ ಮಾತ್ರ ದುಡ್ಡು ಕೊಡಬೇಕು. ಒಬ್ಬರು ಇಬ್ಬರು ಹೋಗುವುದಾದರೆ ಟ್ಯಾಕ್ಸಿಗಿಂತ ಬಸ್ಸು ಎಷ್ಟೋ ಅಗ್ಗ. ನಾಲ್ಕು ಜನರಿದ್ದರೆ ಲೆಕ್ಕ ಹೆಚ್ಚುಕಡಿಮೆ ಒಂದೇ ಆಗುತ್ತದೆ, ಆಗ ಟ್ಯಾಕ್ಸಿಯೇ ವಾಸಿ. ನಾನು ಬಸ್ಸಿನ ಪಕ್ಷಪಾತಿ, ಆದರೂ ಲೆಕ್ಕ ಲೆಕ್ಕವೇ. ಕಂಡಕ್ಟರ್ ಹತ್ತಿರ ನಾನು ನೋಟು ಎಣಿಸುವಷ್ಟರಲ್ಲಿ ಹಿಂದಿನ ಸೀಟಿನ ಹುಡುಗಿ ಕ್ಯೂಆರ್ ಕೋಡ್ ತೋರಿಸಿಕೊಂಡು ದುಡ್ಡು ಕೊಟ್ಟು ಮುಗಿಸಿದ್ದಳು.

ಮೇಖ್ರಿ ಸರ್ಕಲ್ ಹತ್ತಿರ ಬಂದಾಗ ಮೊಮ್ಮಗನಿಗೆ ಕೆಂಪೇಗೌಡರ ಗೋಪುರ ಇಲ್ಲೇ ಇದೆ ಎಂದು ಹೇಳಿದೆ. ಊರು ಇಲ್ಲಿಯವರೆಗೆ ಎಂದು ನಾಲ್ಕು ದಿಕ್ಕಿಗೆ ಕಟ್ಟಿಸಿದರೆಂದು ಹೇಳುವ ಗೋಪುರಗಳಲ್ಲಿ ಒಂದು. ಊರು ಆ ಗೋಪುರ ದಾಟಿ ಹೆಬ್ಬಾಳ ದಾಟಿ ಯಲಹಂಕ ದಾಟಿ ಹೋಗಿದೆ. ಹೆಬ್ಬಾಳದಲ್ಲಿ ಬಸ್ಸು ಆಮೆಯಾಯಿತು. ಬಲಕ್ಕೆ ಎಡಕ್ಕೆ ಮೆಟ್ರೋ ನೀಲಿ ಮಾರ್ಗದ ಕಂಬಗಳು. ಅದು ಮುಗಿದ ಮೇಲೆ ಏರ್‌ಪೋರ್ಟಿಗೆ ಮೆಟ್ರೋದಲ್ಲೇ ಹೋಗಬಹುದು. ಅಲ್ಲಿಯ ತನಕ ಹೆಬ್ಬಾಳಕ್ಕೆ ಇಪ್ಪತ್ತು ನಿಮಿಷ ಬೇರೆಯಾಗಿ ಎತ್ತಿಡಬೇಕು. ನಾನು ಡೈರಿಯಲ್ಲಿ ಬರೆದುಕೊಂಡೆ. ಅಲ್ಲಿಂದಾಚೆ ರಸ್ತೆ ಬಿಚ್ಚಿಕೊಂಡಿತು. ಯಲಹಂಕದ ವಾಯುಪಡೆ ನೆಲೆ, ರಸ್ತೆ ಬದಿಯಲ್ಲಿ ಚಿಕ್ಕಜಾಲದ ಹಳೆಯ ಕೋಟೆಯ ಗೋಡೆ, ಸಾದಹಳ್ಳಿಯ ಟೋಲ್, ಆಮೇಲೆ ದೂರದಲ್ಲಿ ಕತ್ತಿ ಹಿಡಿದು ನಿಂತ 108 ಅಡಿಯ ಕೆಂಪೇಗೌಡರು. ಕೆಂಪೇಗೌಡ ಮೆಟ್ರೋದಲ್ಲಿ ಇಳಿದು, ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಹತ್ತಿ, ಕೆಂಪೇಗೌಡರ ಗೋಪುರ ದಾಟಿ, ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕೆಂಪೇಗೌಡರ ಮುಂದೆ ನಿಂತೆವು. ಒಂದು ಗಂಟೆ ಹತ್ತು ನಿಮಿಷ.

ರಿಹರ್ಸಲಿನ ನಿಜವಾದ ಲಾಭ ಅಲ್ಲಿ ಆಯಿತು. ಅಲ್ಲಿ ಎರಡು ಟರ್ಮಿನಲ್. ಒಂದು 2008ರದ್ದು, ಇನ್ನೊಂದು 2022ರಲ್ಲಿ ಉದ್ಘಾಟನೆಯಾದದ್ದು. ಎರಡೂ ಅಕ್ಕಪಕ್ಕದ ಮನೆಯಂತಿಲ್ಲ, ಸಾಮಾನು ಹಿಡಿದುಕೊಂಡು ಮುದುಕರು ನಡೆಯುವ ದೂರವಲ್ಲ. ನಾನು ಕಾರಿನಲ್ಲಿ ಬಂದ ಅಭ್ಯಾಸದಲ್ಲಿ ಹಳೆಯದರ ಮುಂದೆ ಇಳಿದೆ. ಅಕ್ಕನ ಟಿಕೆಟಿನಲ್ಲಿ ಟಿ2 ಎಂದಿತ್ತು. ಅವಳ ಮಗಳು ಫೋನಿನಲ್ಲಿ ಓದಿ ಹೇಳಿದ್ದನ್ನು ನಾನು ಡೈರಿಯಲ್ಲಿ ಬರೆದಿದ್ದೆ, ಅರ್ಥ ಮಾತ್ರ ಅಲ್ಲಿ ನಿಂತ ಮೇಲೆ ಆಯಿತು. ಹಾಗಾಗಿ ಬಸ್ಸು ಹತ್ತುವಾಗಲೇ ಕಂಡಕ್ಟರಿಗೆ ಟರ್ಮಿನಲ್ ನಂಬರು ಹೇಳಿಬಿಡಿ, ಎಲ್ಲಿ ಇಳಿಯಬೇಕೆಂದು ಅವರೇ ಕೂಗುತ್ತಾರೆ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಭದ್ರತೆಯ ಯುವಕನನ್ನು ಕೇಳಿ, ಯಾವ ಬಾಗಿಲು, ಗಾಲಿಕುರ್ಚಿ ಎಲ್ಲಿ ಸಿಗುತ್ತದೆ ಎಲ್ಲ ತಿಳಿದುಕೊಂಡೆವು. ಗಾಲಿಕುರ್ಚಿ ಬೇಕೆಂದು ವಿಮಾನದ ಕಂಪನಿಗೆ ಮೊದಲೇ ತಿಳಿಸಿರಬೇಕಂತೆ. ಅವತ್ತೇ ದೆಹಲಿಗೆ ಫೋನ್ ಮಾಡಿ ಹೇಳಿದೆ.

ವಾಪಸು ಬರುವಾಗ ಮೇಖ್ರಿ ಸರ್ಕಲಿನಲ್ಲಿ ಇಳಿದು, ಸದಾಶಿವನಗರದ ಮೇಲೆ ಸ್ಯಾಂಕಿ ಕೆರೆಯ ಪಕ್ಕದಲ್ಲಿ ಆಟೋದಲ್ಲಿ ಮನೆಗೆ ಬಂದೆವು. ಮಲ್ಲೇಶ್ವರಕ್ಕೆ ಇದೇ ಹತ್ತಿರದ ದಾರಿ. ಇಷ್ಟೆಲ್ಲ ಆದ ಮೇಲೂ ಮಗ ಒಪ್ಪಲಿಲ್ಲ. "ರಿಹರ್ಸಲ್ ಮಾಡಿದ್ದು ಸರಿ, ನಾಟಕ ಟ್ಯಾಕ್ಸಿಯಲ್ಲೇ" ಅಂದ. ಬುಧವಾರ ಎರಡು ಗಂಟೆಗೆ ಟ್ಯಾಕ್ಸಿ ಎಂದು ತೀರ್ಮಾನವಾಯಿತು.

ಅಕ್ಕ ಬಂದಳು. ಅವಳ ಸಾಮಾನಿನ ಕತೆ ಬೇರೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಒಂದು ಡಜನ್ ಕೊಬ್ಬರಿ ಬಟ್ಟಲು. ಮೊಮ್ಮಗ ಸೂಟ್‌ಕೇಸನ್ನು ತೂಕದ ಯಂತ್ರದ ಮೇಲಿಟ್ಟ. 18 ಕಿಲೋ. ಅವಳ ಟಿಕೆಟಿಗೆ 15ರ ಮೇಲೆ ಒಯ್ಯಲು ದುಡ್ಡು ಕಟ್ಟಬೇಕು. ಕೊಬ್ಬರಿಯಲ್ಲಿ ಎಣ್ಣೆ ಇರುವುದರಿಂದ ವಿಮಾನದಲ್ಲಿ ಬಿಡುವುದಿಲ್ಲ, ಅದು ನಮ್ಮ ಮನೆಯಲ್ಲೇ ಉಳಿಯಿತು. ಉಪ್ಪಿನಕಾಯಿ, ಬೆಲ್ಲ ಕೈಚೀಲದಲ್ಲಿ ಬೇಡ, ಸೂಟ್‌ಕೇಸಿನಲ್ಲೇ ಇರಲಿ ಅಂದೆ. "ನನ್ನ ಕಣ್ಣೆದುರಿಗೆ ಇರ್ಲಿ ಅಂದ್ರೆ ಎಂತ ಕಷ್ಟ ಮಾರಾಯ ಇವ್ರಿಗೆ?" ಅಂದಳು. ಬಾಟಲಿಯ ಬಾಯಿಗೆ ಮೂರು ಸುತ್ತು ಪ್ಲಾಸ್ಟಿಕ್ ಕಟ್ಟಿ, ಸೀರೆಗಳ ನಡುವೆ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದಳು.

ಬುಧವಾರ ಹನ್ನೆರಡೂವರೆಗೆ ಊಟಕ್ಕೆ ಕೂತಿದ್ದೆವು. ಅಕ್ಕನ ಎಲೆಗೆ ಸಾರು ಬಿದ್ದಿತ್ತು. ಮೊಮ್ಮಗ ಬೇಗ ಊಟ ಮುಗಿಸಿ ಸೂಟ್‌ಕೇಸಿಗೆ ಹೆಸರಿನ ಚೀಟಿ ಬರೆಯಲು ಟಿಕೆಟಿನ ಕಾಗದ ತೆಗೆದುಕೊಂಡಿದ್ದ. ಅಂದು ಬೆಳಿಗ್ಗೆಯಷ್ಟೇ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದೆ, ಓದಿರಲಿಲ್ಲ. ಹುಡುಗ ಬಂದು ನನ್ನ ಭುಜ ಮುಟ್ಟಿದ. "ಅಜ್ಜಾ, ಸ್ವಲ್ಪ ಹೊರಗ ಬಾ."

ಜಗಲಿಯಲ್ಲಿ ನಿಂತು ಮೆಲ್ಲಗೆ ಕೇಳಿದ: "ಅಜ್ಜಾ, ಹದಿನಾರು ಅಂದ್ರ ನಾಲ್ಕ್ ಗಂಟೆ ಅಲ್ಲೇನು?"

ಕಾಗದದಲ್ಲಿ 16.10 ಎಂದಿತ್ತು. ನನ್ನ ಡೈರಿಯಲ್ಲಿ ಸಂಜೆ 6.10. ಫೋನಿನಲ್ಲಿ ಹದಿನಾರು ಹತ್ತು ಎಂದು ಕೇಳಿ, ಮನಸ್ಸಿನಲ್ಲೇ ಹತ್ತು ಕಳೆದು, ಆರು ಹತ್ತು ಎಂದು ಬರೆದಿದ್ದೆ. ಹನ್ನೆರಡು ಕಳೆಯಬೇಕಾದ ಕಡೆ ಹತ್ತು. ದಿನದ ಲೆಕ್ಕದಲ್ಲಿ ಎರಡು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಒಂಬತ್ತರ ತನಕ ಕೂತು ಹುಡುಕುತ್ತಿದ್ದವನು ನಾನು. ಇಲ್ಲಿ ಎರಡು ಗಂಟೆ ವ್ಯತ್ಯಾಸ, ಒಂದು ವಾರದಿಂದ ಡೈರಿಯಲ್ಲಿ ಹಾಯಾಗಿ ಮಲಗಿತ್ತು.

ಲೆಕ್ಕ ಹಾಕಿದೆ. ಸಾಮಾನು ತೆಗೆದುಕೊಳ್ಳುವ ಕೌಂಟರು ವಿಮಾನ ಹೊರಡುವ ಒಂದು ಗಂಟೆ ಮೊದಲು ಮುಚ್ಚುತ್ತದೆ. ಅಂದರೆ 3.10ಕ್ಕೆ. ಎರಡು ಗಂಟೆಯ ಟ್ಯಾಕ್ಸಿ ನಂಬಿಕೊಂಡಿದ್ದರೆ ನಾವು ಅಲ್ಲಿ ಸೇರುತ್ತಿದ್ದದ್ದು 3.30ಕ್ಕೆ. ಕೈಕಾಲು ತಣ್ಣಗಾಯಿತು. ಹುಡುಗ ನನ್ನ ಮುಖ ನೋಡಿ, "ದೊಡ್ಡಜ್ಜಿಗೆ ಹೇಳೂದ್ ಬ್ಯಾಡ" ಅಂದ. ಹದಿಮೂರು ವರ್ಷದ ಹುಡುಗ!

ಒಳಗೆ ಹೋಗಿ, "ಅಕ್ಕ, ಹೆಬ್ಬಾಳದಲ್ಲಿ ತುಂಬಾ ಜಾಮ್ ಅಂತೆ, ಈಗಲೇ ಹೊರಡೋಣ" ಅಂದೆ. ಸುಳ್ಳು ಎನ್ನುವ ಹಾಗೂ ಇಲ್ಲ, ಹೆಬ್ಬಾಳದಲ್ಲಿ ಜಾಮ್ ಇಲ್ಲದ ದಿನ ಯಾವುದು? ಅಕ್ಕ ಮೊಸರನ್ನ ಉಣ್ಣದೆ ಎಲೆ ಬಿಟ್ಟು ಏಳುವವಳಲ್ಲ. ನನ್ನ ಹೆಂಡತಿ ಏನೂ ಕೇಳದೆ ಮೊಸರನ್ನವನ್ನು ಡಬ್ಬಿಗೆ ತುಂಬಿದಳು. ಅವಳಿಗೆ ನನ್ನ ಮುಖ ಓದಲು ಬರುತ್ತದೆ.

ಮೊಮ್ಮಗ ಫೋನಿನಲ್ಲಿ ಟ್ಯಾಕ್ಸಿ ಹುಡುಕಿದ. ಮೊದಲನೆಯದು ಒಪ್ಪಿಕೊಂಡು ರದ್ದು ಮಾಡಿತು. ಎರಡನೆಯದು ಆರು ನಿಮಿಷದಲ್ಲಿ ಬರುತ್ತೇನೆ ಎಂದು ಹತ್ತು ನಿಮಿಷ ಒಂದೇ ಕಡೆ ನಿಂತಿತು, ನಕ್ಷೆಯ ಮೇಲೆ ಇರುವೆಯಂತೆ. ಒಂದು ಗಂಟೆ ಹತ್ತು ನಿಮಿಷವಾಯಿತು. ಮೆಜೆಸ್ಟಿಕ್ಕಿಗೆ ಹಿಂದಕ್ಕೆ ಹೋಗುವಷ್ಟು ಹೊತ್ತು ಈಗ ಇರಲಿಲ್ಲ. "ಬಿಡು ಅದನ್ನ. ಮೇಖ್ರಿ ಸರ್ಕಲ್" ಅಂದೆ. ಬೀದಿಯ ಕೊನೆಯ ಆಟೋ ಸ್ಟ್ಯಾಂಡಿನಲ್ಲಿ ಪರಿಚಯದ ಆಟೋದವನಿದ್ದ. ಸೂಟ್‌ಕೇಸ್ ಕಾಲ ಬಳಿ, ಅಕ್ಕ ನಡುವೆ, ಹುಡುಗ ಅಂಚಿನಲ್ಲಿ. ಸ್ಯಾಂಕಿ ಕೆರೆ ದಾಟುವಾಗ, "ಎಷ್ಟು ಚೆಂದ ನೀರು, ಸ್ವಲ್ಪ ನಿಲ್ಸು ಮಾರಾಯ" ಅಂದಳು. ನಿಲ್ಲಿಸಲಿಲ್ಲ. ಅದೊಂದು ಪಾಪ ನನ್ನ ಮೇಲಿದೆ.

ಮೇಖ್ರಿ ಸರ್ಕಲಿನಲ್ಲಿ ಒಂದು ವಾರದ ಹಿಂದೆ ನೋಡಿಟ್ಟ ನಿಲ್ದಾಣಕ್ಕೇ ಹೋಗಿ ನಿಂತೆವು. ಬೇರೆ ಬೇರೆ ಬಡಾವಣೆಗಳಿಂದ ಬರುವ ಕೆಐಎ ಬಸ್ಸುಗಳು ಅಲ್ಲಿ ಸೇರುತ್ತವೆ, ನಂಬರು ಯಾವುದಾದರೇನು. 1.28ಕ್ಕೆ ಬಂದ ಬಸ್ಸು ಹತ್ತಿದೆವು. ಕೂರಲು ಜಾಗವಿರಲಿಲ್ಲ. ಕಾಲೇಜಿನ ಹುಡುಗಿಯೊಬ್ಬಳು ಅಕ್ಕನಿಗೆ ಎದ್ದುಕೊಟ್ಟಳು. ಕಂಡಕ್ಟರ್ ಸೂಟ್‌ಕೇಸ್ ಎತ್ತಿ ಸ್ಟ್ಯಾಂಡಿನ ಮೇಲಿಟ್ಟು, "ಎಷ್ಟಕ್ಕೆ ಫ್ಲೈಟು?" ಅಂದರು. ಅಕ್ಕನಿಗೆ ಕೇಳಿಸದ ಹಾಗೆ, "ನಾಲ್ಕು ಹತ್ತು, ಟಿ2" ಅಂದೆ. ಅವರು ಒಮ್ಮೆ ಗಡಿಯಾರ, ಒಮ್ಮೆ ಅಕ್ಕನನ್ನು ನೋಡಿ, "ಆಗುತ್ತೆ ಸಾರ್. ಹೆಬ್ಬಾಳ ದಾಟಲಿ" ಅಂದರು. ಫೋನಿನ ಪರದೆ ಹೀಗೆ ಹೇಳುವುದಿಲ್ಲ ನೋಡಿ. ಆದರೆ ಹೆಬ್ಬಾಳ ದಾಟಲು ಎಷ್ಟು ಹೊತ್ತು ಎಂದು ಆ ಪರದೆಯೇ ಹೇಳಬೇಕಿತ್ತು. ಮೊಮ್ಮಗ ನನ್ನ ಪಕ್ಕ ನಿಂತು ಕೆಂಪು ಗೆರೆ ಎಷ್ಟು ಉಳಿಯಿತೆಂದು ಬೆರಳಿನಲ್ಲಿ ತೋರಿಸುತ್ತಿದ್ದ. ಎರಡು ಬೆರಳು. ಒಂದು ಬೆರಳು. ಆಮೇಲೆ ಉಗುರಿನಷ್ಟು.

ಅಕ್ಕ ಮಾತ್ರ ಕಿಟಕಿಯ ಪಕ್ಕ ಕೂತು ಹೆಬ್ಬಾಳದ ಕೆರೆ ನೋಡಿದಳು, ಕಂಬಗಳನ್ನು ಎಣಿಸಿದಳು, ಎದ್ದುಕೊಟ್ಟ ಹುಡುಗಿಯ ಊರು, ಅಪ್ಪನ ಕೆಲಸ ಎಲ್ಲ ವಿಚಾರಿಸಿದಳು. ಯಲಹಂಕದ ಆಚೆ ಬಸ್ಸು ಓಡತೊಡಗಿದಾಗ ನನ್ನ ಕಡೆ ತಿರುಗಿ, "ರೋಡು ಖಾಲಿ ಇದೆಯಲ್ಲ, ನನ್ನನ್ನ ಊಟದಿಂದ ಎಬ್ಬಿಸಿದೆ ಸುಮ್ಮನೆ" ಅಂದಳು. ಬೈಸಿಕೊಂಡೆ. ಅಷ್ಟು ಸಂತೋಷದಿಂದ ಯಾವತ್ತೂ ಬೈಸಿಕೊಂಡಿರಲಿಲ್ಲ.

2.37ಕ್ಕೆ ಟಿ2. ಮರ, ಬಳ್ಳಿ, ಬಿದಿರು ಹಾಕಿ ತೋಟದ ಹಾಗೆ ಮಾಡಿದ ಟರ್ಮಿನಲ್ ಅದು. ಅಕ್ಕ, "ನಮ್ಮ ತೋಟದ ಹಾಗೇ ಉಂಟು, ಅಡಿಕೆ ಒಂದು ಇಲ್ಲ" ಅಂದಳು. ಗಾಲಿಕುರ್ಚಿ ತಂದಾಗ, "ನಂಗೆಂತ ಕಾಲಿಲ್ವಾ?" ಎಂದು ಮುಖ ತಿರುಗಿಸಿದಳು. ಒಳಗೆ ನಡೆಯುವುದು ಬಹಳ ದೂರ, ಕುರ್ಚಿಯವರನ್ನು ಸಾಲಿನಲ್ಲಿ ಮೊದಲು ಬಿಡುತ್ತಾರೆ ಎಂದು ಮೊಮ್ಮಗ ಕಿವಿಯಲ್ಲಿ ಹೇಳಿದ ಮೇಲೆ ಕೂತಳು. ಆಧಾರ್ ಕಾರ್ಡ್ ತೋರಿಸಿ, ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಒಳಗೆ ಹೋದಳು. ಗಾಜಿನಾಚೆ ಕುರ್ಚಿ ಕೌಂಟರಿನ ಕಡೆ ತಿರುಗಿದ್ದು ಕಂಡಿತು. ನನ್ನ ಗಡಿಯಾರದಲ್ಲಿ 2.50.

3.25ಕ್ಕೆ ಅವಳ ಬಟನ್ ಫೋನಿನಿಂದ ಕರೆ. "ಎಲ್ಲ ತಪಾಸಣೆ ಆಯ್ತು. ಮೊಸರನ್ನ ತಿಂತಾ ಕೂತಿದ್ದೇನೆ. ನೀವು ಹೊರಡಿ, ಬಿಸಿಲು."

ನಾವು ಹೊರಡಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು ಇಬ್ಬರೂ ಒಂದೊಂದು ಕಾಫಿ ಕುಡಿದೆವು. ಹುಡುಗನಿಗೆ ಮನೆಯಲ್ಲಿ ಕಾಫಿ ಕೊಡುವುದಿಲ್ಲ, ಅವತ್ತು ಕೊಡಿಸಿದೆ. ಬೆಲೆ ಹೇಳುವುದಿಲ್ಲ, ನನ್ನ ಹೆಂಡತಿಯೂ ಈ ಪತ್ರಿಕೆ ಓದುತ್ತಾಳೆ. ಪಕ್ಕದ ಬಸ್ಸುಗಳ ಸಾಲಿನಲ್ಲಿ ಮೈಸೂರಿಗೆ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ನಿಂತಿತ್ತು. ಮೈಸೂರಿನವರು ಊರೊಳಗೆ ಬರುವ ಗೋಜೇ ಇಲ್ಲದೆ ಇಲ್ಲಿಂದಲೇ ಹೋಗಬಹುದು. ರೈಲೂ ಇದೆ. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ಹೋಗುವ ಹಳಿಯ ಮೇಲೆ 2021ರಲ್ಲಿ ವಿಮಾನ ನಿಲ್ದಾಣದ ಹೆಸರಿನ ಒಂದು ಪುಟ್ಟ ನಿಲ್ದಾಣ ಮಾಡಿದ್ದಾರೆ. ಟಿಕೆಟ್ ಅಗ್ಗ, ಹೆಬ್ಬಾಳದ ಜಾಮಿನ ಕಾಟವಿಲ್ಲ, ಆದರೆ ದಿನಕ್ಕೆ ಕೆಲವೇ ರೈಲು. ಆ ಹೊತ್ತು ನಿಮ್ಮ ವಿಮಾನದ ಹೊತ್ತಿಗೆ ಹೊಂದಿದರೆ ಅದೃಷ್ಟ. ಮುಂದಿನ ರಜೆಗೆ ಹುಡುಗ ಬಂದಾಗ ಅದರದ್ದೊಂದು ರಿಹರ್ಸಲ್ ಬಾಕಿ ಇದೆ.

ಗುರುವಾರ ಬೆಳಿಗ್ಗೆ ಮಗಳನ್ನು ಒಳಗೆ ಕರೆದುಕೊಂಡು ಹೋಗುವಾಗ ಅಕ್ಕ ಅವಳ ಕೈ ಹಿಡಿದುಕೊಂಡಿದ್ದಳಂತೆ. ಎಲ್ಲ ಸುಸೂತ್ರವಾಯಿತು. ಉಪ್ಪಿನಕಾಯಿ ಬಾಟಲಿಯಿಂದ ಒಂದು ತೊಟ್ಟೂ ಸೋರಿರಲಿಲ್ಲ. ಹೆಬ್ಬಾಳದ ಜಾಮಿನ ವಿಷಯ ಎರಡು ಮೂರು ಸಲ ಫೋನಿನಲ್ಲಿ ಎತ್ತಿ ನನ್ನನ್ನು ಹಂಗಿಸಿದ್ದಾಳೆ. ಮೊಮ್ಮಗನೂ ಬಾಯಿ ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ಅಕ್ಕ ಈಗ ಊರಿಗೆ ವಾಪಸಾಗಿದ್ದಾಳೆ, ಈ ವಾರಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದುತ್ತಾಳೆ. ಪತ್ರಿಕೆ ಅವಳ ಮನೆ ತಲುಪಿದ ದಿನ ನನಗೊಂದು ಫೋನ್ ಬರುತ್ತದೆ.